ದೊರೆಯ ಕೊರಳ ಪಟ್ಟಿ

ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಹೊಟ್ಟೆಕಿಚ್ಚಿನವಳು. ಚಾಡಿ ಹೇಳುತ್ತಿದ್ದೇನೆಂದು ತಿಳಿಯಬೇಡಿ, ಅವಳೇ ಬಂದವರೆದುರು ಬಾಯಿಬಿಟ್ಟು ಹೇಳಿಕೊಳ್ಳುತ್ತಾಳೆ. ಬೇರೆ ಟೈಲರ್ ಹೊಲಿದ ಬಟ್ಟೆಯನ್ನು ಯಾರಾದರೂ ಬಿಗಿ ಮಾಡಿಸಲು ತಂದರೆ ಮೊದಲು ಅದರ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುತ್ತಾಳೆ. ಹೊಲಿಗೆ ಕೆಟ್ಟದಾಗಿದ್ದರೆ ಅವತ್ತೆಲ್ಲ ಹಾಡು ಗುನುಗುತ್ತಾಳೆ. ಚೆನ್ನಾಗಿದ್ದರೆ ಮುಖ ಊದಿಸಿಕೊಂಡು, "ನೂಲು ಒಳ್ಳೇದು ಹಾಕಿದ್ದಾನೆ, ಅಷ್ಟೇ" ಎಂದು ಮೇಜಿನ ಆ ಬದಿಗೆ ತಳ್ಳುತ್ತಾಳೆ. ಆ ಮಧ್ಯಾಹ್ನ ಅವಳಿಗೆ ಊಟ ಸೇರುವುದಿಲ್ಲ.

ಅವಳ ಅಂಗಡಿಯೆಂದರೆ ಬೀದಿಗೆ ಬಾಗಿಲಿರುವ ಒಂದು ಕೋಣೆ. ಹಿಂದುಗಡೆ ಅಡುಗೆಮನೆ, ಅದರ ಪಕ್ಕ ಒಂದು ಮಂಚ, ಅಲ್ಲಿಗೆ ಮನೆ ಮುಗಿಯಿತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗುಂಡಿ ತುಂಬಿದ ಗಾಜಿನ ಜಾಡಿಗಳು, ಚೂರುಬಟ್ಟೆ ತುರುಕಿದ ಗೋಣಿಚೀಲ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ನಂಗೆ ಬಂದ ಗಂಡುಗಳೆಲ್ಲ ಎದುರುಮನೆಯವಳ ಗಂಡನಷ್ಟು ಚೆನ್ನಾಗಿರಲಿಲ್ಲ" ಎನ್ನುತ್ತಾಳೆ. ಅದು ತಮಾಷೆಯೋ ನಿಜವೋ ನನಗೆ ಇಂದಿಗೂ ಗೊತ್ತಿಲ್ಲ.

ಬೀದಿಯ ಅಂಗಡಿಗಳಿಗೆಲ್ಲ ಫೋನಿನಿಂದ ಹಣ ಹಾಕುವ ಸ್ಕ್ಯಾನರ್ ಬಂದಾಗ ಅತ್ತೆಗೆ ಮಾತ್ರ ಇರಲಿಲ್ಲ. ಪಕ್ಕದ ಚಪ್ಪಲಿ ಅಂಗಡಿಯವನು ಚೌಕದ ಚಿತ್ರವಿದ್ದ ಹಲಗೆಯೊಂದನ್ನು ತಂದು ನಿಲ್ಲಿಸಿದ ದಿನವೇ ನನಗೆ ಫೋನ್ ಬಂತು. "ಅವನಿಗೆ ಯಾರು ಕೊಟ್ರು ಅದನ್ನ? ನಂಗ್ಯಾಕೆ ಕೊಡಲಿಲ್ಲ?" ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಇಂಥದ್ದೆಲ್ಲ ನನಗೆ ಗೊತ್ತಿರಬೇಕೆಂದು ಅವಳ ಲೆಕ್ಕ. ಹಳೆಯ ಗುಂಡಿ ಫೋನು ಬಿಡಿಸಿ ಹೊಸದು ಕೊಡಿಸಿ, ಬ್ಯಾಂಕಿಗೆ ಕರೆದುಕೊಂಡು ಹೋಗಿ, ಹಲಗೆಯನ್ನೂ ಹಣ ಬಂದರೆ ಕೂಗಿ ಹೇಳುವ ಡಬ್ಬಿಯನ್ನೂ ಹಾಕಿಸಿಕೊಟ್ಟೆ. ಕೊಡುವವರು ಅದೇ ಚಿತ್ರದ ಸಣ್ಣ ಸ್ಟಿಕ್ಕರ್ ಒಂದನ್ನೂ ಜೊತೆಗೆ ಕೊಟ್ಟರು. ಅದನ್ನವಳು ಗುಂಡಿಯ ಜಾಡಿಯಲ್ಲಿಟ್ಟುಕೊಂಡಳು.

ಆ ಹಲಗೆಯನ್ನು ಅವಳು ಇಷ್ಟಪಟ್ಟದ್ದು ಹಣಕ್ಕಲ್ಲ. ಗಿರಾಕಿಗಳು ಸ್ಕ್ಯಾನ್ ಮಾಡಿದ ಕೂಡಲೇ ಫೋನಿನಲ್ಲಿ ಅವಳ ಪೂರ್ತಿ ಹೆಸರು ಕಾಣುತ್ತಿತ್ತು. ಅವರು ಅದನ್ನು ಗಟ್ಟಿಯಾಗಿ ಓದಿ, "ನೀವೇ ಅಲ್ವಾ?" ಎಂದು ಕೇಳುತ್ತಿದ್ದರು. "ಹೂಂ, ನಾನೇ" ಎನ್ನುವಾಗ ಅತ್ತೆಯ ಕತ್ತು ಒಂದಿಷ್ಟು ಉದ್ದವಾಗುತ್ತಿತ್ತು. ಅಷ್ಟು ವರ್ಷ ಅಂಗಡಿ ನಡೆಸಿದರೂ ಅವಳ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಅವಳು ಟೈಲರಮ್ಮ. ಆ ಕಪ್ಪು ಚುಕ್ಕಿಗಳ ಒಳಗೆ ತಾನೇ ಕೂತಿದ್ದೇನೆ, ಯಾರು ಎಲ್ಲಿ ಸ್ಕ್ಯಾನ್ ಮಾಡಿದರೂ ತಾನು ಯಾರು, ಎಲ್ಲಿದ್ದೇನೆ ಎಂಬುದೆಲ್ಲ ಅವರಿಗೆ ಕಾಣುತ್ತದೆ ಎಂದು ಅವಳು ನಂಬಿಬಿಟ್ಟಳು. ನಾನೂ ತಿದ್ದಲು ಹೋಗಲಿಲ್ಲ, ಅಷ್ಟು ಸಣ್ಣ ವಿಷಯಕ್ಕೆ ಯಾರು ಬಾಯಿ ನೋಯಿಸಿಕೊಳ್ಳುತ್ತಾರೆ.

ಆಮೇಲೆ ನಾಯಿ ಬಂತು. ಕಂದು ಬಣ್ಣದ್ದು, ಇನ್ನೂ ಮರಿತನ ಪೂರ್ತಿ ಬಿಟ್ಟಿರಲಿಲ್ಲ, ಕಾಲುಗಳು ಮಾತ್ರ ಮೈಗಿಂತ ದೊಡ್ಡವು. ಒಂದು ಬೆಳಿಗ್ಗೆ ನೆಟ್ಟಗೆ ಒಳಗೆ ಬಂದು, ಮೇಜಿನ ಕೆಳಗೆ ಚೂರುಬಟ್ಟೆಯ ರಾಶಿಯ ಮೇಲೆ ಮೂರು ಸುತ್ತು ಸುತ್ತಿ ಮಲಗಿತು. ಅಪ್ಪಣೆ ಕೇಳಲಿಲ್ಲ, ಬಾಲ ಆಡಿಸಲಿಲ್ಲ. "ನೋಡು ಹೆಂಗೆ ಬಂದ, ದೊರೆ ಬಂದಂಗೆ" ಎಂದಳು ಅತ್ತೆ. ಅದಕ್ಕೆ ದೊರೆ ಎಂದೇ ಹೆಸರಾಯಿತು. ಒಂದು ವಾರದೊಳಗೆ ಅವನಿಗೆ ಹಾಲಿಗೊಂದು ತಟ್ಟೆ, ಅನ್ನಕ್ಕೊಂದು ತಟ್ಟೆ. ಬೇಯಿಸಿದ ಮೊಟ್ಟೆಯ ಹಳದಿ ನನ್ನ ಪಾಲು, ಚಿಕ್ಕಂದಿನಿಂದ ಅದನ್ನು ನನಗೇ ಎತ್ತಿಡುತ್ತಿದ್ದಳು. ಈಗ ಅದೂ ದೊರೆಗೆ ಹೋಯಿತು. ನನಗೆ ಸಿಟ್ಟು ಬಂತು. ಇಷ್ಟು ವಯಸ್ಸಾದ ಹೆಂಗಸು ನಾಯಿಯ ಮೇಲೆ ಕರುಬುವುದೇ ಎಂದು ನೀವು ನಗಬಹುದು, ನಗಿ. ನಾನೂ ಆ ಮನೆತನದವಳೇ.

ಮಹಡಿಯ ಮೇಲೆ ನರ್ಸಮ್ಮನ ಮನೆ. ಒಂಟಿ ಹೆಂಗಸು, ಆಸ್ಪತ್ರೆಯ ಪಾಳಿ ಮುಗಿಸಿ ಬರುವಾಗ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಅದು ಯಾರಿಗೆಂದು ಅತ್ತೆಗೆ ತಡವಾಗಿ ತಿಳಿಯಿತು. ದೊರೆ ಸಂಜೆ ಅತ್ತೆಯ ಅಂಗಡಿಯಿಂದ ಎದ್ದು, ಮೈ ಕೊಡವಿ, ಮೆಟ್ಟಿಲು ಹತ್ತಿ ಹೋಗುತ್ತಿದ್ದ. ಅಲ್ಲಿ ಅವನ ಹೆಸರು ಚಿನ್ನು. ಅಲ್ಲಿ ಅವನಿಗೆ ಮಲಗಲು ದಿಂಬು. "ದಿಂಬಂತೆ!" ಎಂದು ಅತ್ತೆ ಯಂತ್ರದ ಪೆಡಲನ್ನು ಎಷ್ಟು ಜೋರಾಗಿ ತುಳಿದಳೆಂದರೆ ಸೂಜಿ ಮುರಿಯಿತು.

ಆದರೂ ಅಲ್ಲಿಯವರೆಗೆ ಹೇಗೋ ನಡೆದಿತ್ತು. ಒಂದು ದಿನ ದೊರೆ ಮೆಟ್ಟಿಲಿಳಿದು ಬಂದಾಗ ಅವನ ಕೊರಳಲ್ಲಿ ನೀಲಿ ಪಟ್ಟಿ ಇತ್ತು, ಪಟ್ಟಿಗೆ ಬಿಲ್ಲೆ, ಬಿಲ್ಲೆಯ ಮೇಲೆ ಅದೇ ಚೌಕದ ಚಿತ್ರ. ಪ್ಯಾಂಟು ಒಯ್ಯಲು ಬಂದಿದ್ದ ಗಿರಾಕಿಯೊಬ್ಬರು ಕುತೂಹಲಕ್ಕೆ ಬಗ್ಗಿ ಫೋನ್ ಹಿಡಿದರು. ತೆರೆಯ ಮೇಲೆ ದೊರೆಯ ಫೋಟೊ ಬಂತು. ಅವರು ಗಟ್ಟಿಯಾಗಿ ಓದಿದರು: "ನನ್ನ ಹೆಸರು ಚಿನ್ನು. ನಾನು ಕಳೆದುಹೋಗಿದ್ದರೆ ದಯವಿಟ್ಟು ನನ್ನ ಅಮ್ಮನಿಗೆ ಫೋನ್ ಮಾಡಿ." ಕೆಳಗೆ ನರ್ಸಮ್ಮನ ಹೆಸರು, ನಂಬರು.

ನಾನು ಅಲ್ಲೇ ಇದ್ದೆ. ಅತ್ತೆ ಪ್ಯಾಂಟನ್ನು ಮಡಿಸುತ್ತಿದ್ದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು.

ಆ ಒಂದು ಪದ ಅವಳಿಗೆ ಎಲ್ಲಿ ತಾಗಿತೆಂದು ನನಗೆ ಗೊತ್ತು. ನಾನು ಹುಟ್ಟಿದ ಮೇಲೆ ನಮ್ಮಮ್ಮ ಹಾಸಿಗೆ ಹಿಡಿದಳು, ಆಸ್ಪತ್ರೆ, ತವರು, ಮತ್ತೆ ಆಸ್ಪತ್ರೆ ಎಂದು ವರ್ಷಗಳೇ ಕಳೆದವು. ಅಪ್ಪ ಕೂಸನ್ನು ತಂದು ಅಕ್ಕನ ಮಡಿಲಿಗೆ ಹಾಕಿದ. ನಾನು ಮೊದಲು ಎದ್ದು ನಿಂತದ್ದು ಹೊಲಿಗೆ ಯಂತ್ರದ ಕಾಲು ಹಿಡಿದುಕೊಂಡು. ಅತ್ತೆಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ, ಬೇರೆ ಹೆಸರು ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮಮ್ಮ ಚೇತರಿಸಿಕೊಂಡು ಬಂದ ಮೇಲೆ ನನ್ನನ್ನು ಹಿಂದಿನ ಬೀದಿಯ ನಮ್ಮ ಮನೆಗೆ ಕರೆದುಕೊಂಡು ಹೋದರು. "ಅಮ್ಮ ಅಲ್ಲ ಪುಟ್ಟಿ, ಅತ್ತೆ ಅನ್ಬೇಕು" ಎಂದು ದೊಡ್ಡವರೆಲ್ಲ ಸೇರಿ ತಿದ್ದಿದರು. ಮಕ್ಕಳು ಬೇಗ ಕಲಿಯುತ್ತವೆ, ನಾನೂ ಕಲಿತೆ. ಇದರಲ್ಲಿ ಯಾರದ್ದೂ ತಪ್ಪಿಲ್ಲ, ನಮ್ಮಮ್ಮ ಒಳ್ಳೆಯವಳು. ಆದರೆ ಅತ್ತೆ ಇವತ್ತಿಗೂ ನಮ್ಮಮ್ಮ ಹೊಲಿಸಲು ಕೊಟ್ಟ ರವಿಕೆಯನ್ನು ಎಲ್ಲರದ್ದೂ ಮುಗಿದ ಮೇಲೆಯೇ ಹೊಲಿಯುವುದು.

ಮಾರನೆಯ ದಿನ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ನೀಲಿ ಪಟ್ಟಿ ಗೋಣಿಚೀಲದಲ್ಲಿತ್ತು. ದೊರೆಯ ಕೊರಳಲ್ಲಿ ಬಿಳಿಯ ದಪ್ಪ ಹತ್ತಿಬಟ್ಟೆಯ ಹೊಸ ಪಟ್ಟಿ. ಎರಡು ಪದರ, ಅಂಚಿಗೆ ಎರಡು ಸಾಲು ಹೊಲಿಗೆ, ನೋಡಲು ಬಲು ಅಂದ. ನಡುವೆ ಪ್ಲಾಸ್ಟಿಕ್ಕಿನ ಒಳಗೆ ಗುಂಡಿಯ ಜಾಡಿಯಲ್ಲಿದ್ದ ಆ ಸಣ್ಣ ಸ್ಟಿಕ್ಕರ್.

"ಅತ್ತೆ, ಇದು ದುಡ್ಡು ಹಾಕೋ ಸ್ಕ್ಯಾನರು. ಇದನ್ನ ನಾಯಿಗೆ ಯಾಕೆ ಕಟ್ಟಿದ್ದೀಯ?"

"ನನ್ನ ಹೆಸರು ಬರುತ್ತಲ್ವಾ?"

"ಹೆಸರು ಬರುತ್ತೆ. ಆದ್ರೆ..."

"ಸಾಕು ಬಿಡು. ಅವಳ ಹೆಸರು ಬರೋದಕ್ಕಿಂತ ಮೇಲು."

"ಬಕಲ್ ಎಲ್ಲಿ? ಬಿಚ್ಚೋದು ಹೆಂಗೆ?"

"ಬಿಚ್ಚೋಕೆ ಹಾಕಿದ್ದಲ್ಲ ಅದು." ಕೊರಳಿಗೆ ಸುತ್ತಿ, ಎರಡು ತುದಿಗಳನ್ನು ಕೂಡಿಸಿ, ದಪ್ಪ ಸೂಜಿಯಿಂದ ಅಲ್ಲೇ ಹೊಲಿದುಬಿಟ್ಟಿದ್ದಳು. ಹೊಲಿಯುವಷ್ಟು ಹೊತ್ತೂ ದೊರೆ ಮಿಸುಕದೆ ಕೂತಿದ್ದನಂತೆ. ಅದನ್ನೂ ಜಂಬದಿಂದಲೇ ಹೇಳಿದಳು. ನನಗೂ ನಗು ಬಂತು, ಆ ವಿಷಯ ಅಲ್ಲಿಗೆ ಬಿಟ್ಟೆ.

ನರ್ಸಮ್ಮ ಪಟ್ಟಿ ನೋಡಿದರು. ಬೆರಳು ತೂರಿಸಿ ತಿರುಗಿಸಿ ಕೊಂಡಿ ಹುಡುಕಿದರು. ಇಲ್ಲವೆಂದು ಗೊತ್ತಾದ ಮೇಲೆ ಅಂಗಡಿಯ ಬಾಗಿಲಲ್ಲಿ ನಿಂತು, "ಟೈಲರಮ್ಮ, ಕೇಳಿದ್ದಿದ್ರೆ ನಿಮ್ಮ ನಂಬರೂ ಹಾಕಿಸ್ತಿದ್ದೆ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ಅವರು ಜಗಳವಾಡಿದ್ದರೆ ಅತ್ತೆಗೆ ಸಮಾಧಾನವಾಗುತ್ತಿತ್ತು. "ನೋಡಿದ್ಯಾ ಎಷ್ಟು ನಯ? ಒಳಗೊಳಗೆ ಉರೀತಿದೆ ಅವಳಿಗೆ" ಎಂದಳು, ತನ್ನದನ್ನೆಲ್ಲ ಅವರ ಲೆಕ್ಕಕ್ಕೆ ಬರೆದು.

ಅದರ ಹಿಂದೆಯೇ ಮಳೆ ಹಿಡಿಯಿತು. ಮಳೆಯ ದಿನಗಳಲ್ಲಿ ದೊರೆ ನೆನೆದುಕೊಂಡು ಬರುತ್ತಿದ್ದ, ಹೋಗುತ್ತಿದ್ದ. ಮಳೆ ನಿಂತ ಮೇಲೆ ಬರುವುದನ್ನೇ ಬಿಟ್ಟ.

ಅತ್ತೆಗೆ ಅನುಮಾನವೇ ಇರಲಿಲ್ಲ. ಮೇಲಿನವಳು ಬಾಗಿಲು ಹಾಕಿಕೊಂಡು ಕೂಡಿಹಾಕಿದ್ದಾಳೆ. ಹೊಲಿಯುತ್ತ ಹೊಲಿಯುತ್ತ ಯಂತ್ರ ನಿಲ್ಲಿಸಿ ಛಾವಣಿಗೆ ಕಿವಿಗೊಡುತ್ತಿದ್ದಳು. "ಅಗೋ, ಉಗುರಿನ ಸದ್ದು. ಕೇಳಿಸ್ತಾ?" ನನಗೇನೂ ಕೇಳಿಸುತ್ತಿರಲಿಲ್ಲ. ಹಾಲಿನ ತಟ್ಟೆಯಲ್ಲಿ ಹಾಲು ಕೆನೆಗಟ್ಟಿ ಹುಳಿಯುತ್ತಿತ್ತು, ಅದನ್ನು ಚೆಲ್ಲಿ ಹೊಸದು ಹಾಕುತ್ತಿದ್ದಳು.

ಇದರ ನಡುವೆ ಇನ್ನೊಂದು ವಿಚಿತ್ರ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಡಬ್ಬಿ ಕೂಗುತ್ತಿತ್ತು: "ಒಂದು ರೂಪಾಯಿ ಬಂದಿದೆ." ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಮೊದಲು ಅತ್ತೆ ಗಾಬರಿಯಾದಳು. ಆಮೇಲೆ ತಾನೇ ಅರ್ಥ ಕಟ್ಟಿಕೊಂಡಳು, "ದೊರೆ ಎಲ್ಲೋ ಓಡಾಡ್ತಿದ್ದಾನೆ ಕಣೇ. ಜನ ಸ್ಕ್ಯಾನ್ ಮಾಡಿ, ಪಾಪ ಮುದ್ದಾಗಿದ್ದಾನೆ ಅಂತ ಅವನ ಹೆಸರಲ್ಲಿ ಒಂದೊಂದು ರೂಪಾಯಿ ಹಾಕ್ತಿದ್ದಾರೆ!" ಚಪ್ಪಲಿ ಅಂಗಡಿಯವನಿಗೆ ಕೇಳಿಸುವಂತೆ ಇದನ್ನು ಹೇಳಿದಳು. ಮೆಟ್ಟಿಲ ಕಡೆ ಮುಖ ಮಾಡಿ ಇನ್ನೂ ಗಟ್ಟಿಯಾಗಿ ಹೇಳಿದಳು. ಹಾಗಾದರೆ ಅವನು ಮಹಡಿಯಲ್ಲಿ ಬಂದಿ ಹೇಗಾದ ಎಂದು ನಾನು ಕೇಳಿದರೆ ತಟ್ಟೆಯ ಹಾಲು ಬದಲಿಸಲು ಎದ್ದು ಹೋದಳು. ಹೊಟ್ಟೆಕಿಚ್ಚಿಗೆ ಎರಡೂ ಕಡೆಯ ಮಾತು ಒಟ್ಟಿಗೆ ನಂಬಲು ಏನೂ ಕಷ್ಟವಿಲ್ಲ.

ಭಾನುವಾರ, ನಾನೂ ಅಲ್ಲಿದ್ದಾಗಲೇ, ಅವಳ ಸಹನೆಯ ಕಟ್ಟೆಯೊಡೆಯಿತು. ಬ್ರೆಡ್ಡಿನ ಪೊಟ್ಟಣ ಹಿಡಿದು ಬರುತ್ತಿದ್ದ ನರ್ಸಮ್ಮನನ್ನು ಮೆಟ್ಟಿಲ ಬುಡದಲ್ಲೇ ತಡೆದು ನಿಲ್ಲಿಸಿದಳು.

"ಯಾರಿಗೆ ಆ ಬ್ರೆಡ್ಡು? ಒಳಗೆ ಕೂಡಿಹಾಕಿದ್ದೀಯಲ್ಲ, ಅವನಿಗಾ?"

ನರ್ಸಮ್ಮನ ಮುಖ ಬಿಳಿಚಿತು. "ನಿಮ್ಮ ಹತ್ರ ಇಲ್ವಾ? ನೀವು ಕಟ್ಟಿಹಾಕಿದ್ದೀರಿ ಅಂದ್ಕೊಂಡಿದ್ದೆ. ಬಂದಾನು ಅಂತ ದಿನಾ ಬ್ರೆಡ್ಡು ತಂದು, ನಿಮ್ಮ ಬಾಗಿಲು ನೋಡ್ಕೊಂಡೇ ಹೋಗ್ತಿದ್ದೆ. ಕೇಳೋಕೆ... ಕೇಳೋಕೆ ಮನಸ್ಸು ಬರಲಿಲ್ಲ."

ಅದೇ ಹೊತ್ತಿಗೆ ಒಳಗಿನಿಂದ ಡಬ್ಬಿ ಕೂಗಿತು, ಒಂದು ರೂಪಾಯಿ ಬಂದಿದೆ. ನರ್ಸಮ್ಮ ಏನೆಂದು ಕೇಳಿದರು. ಅತ್ತೆ ಜನ ದೊರೆಗೆ ಹಾಕುವ ರೂಪಾಯಿಯ ಕಥೆ ಹೇಳಿದಳು, ಈ ಸಲ ದನಿಯಲ್ಲಿ ಜಂಬ ಕಡಿಮೆ ಇತ್ತು. ಕೇಳುತ್ತಿದ್ದ ಹಾಗೇ ನರ್ಸಮ್ಮ ಕೈ ಚಾಚಿದರು. "ಫೋನ್ ಕೊಡಿ ಇಲ್ಲಿ. ಹಣದ ಜೊತೆ ಏನಾದ್ರೂ ಬರೆದಿರ್ತಾರೆ."

ಅಷ್ಟು ದಿನ ಡಬ್ಬಿಯ ಕೂಗು ಕೇಳಿದವಳು ಅತ್ತೆ, ಕೇಳಿ ನಕ್ಕವಳು ನಾನು, ತೆರೆದು ನೋಡಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಪ್ರತಿ ರೂಪಾಯಿಯ ಕೆಳಗೂ ಒಂದು ಸಾಲು ಇತ್ತು. ನರ್ಸಮ್ಮ ಮೊದಲಿನದರಿಂದ ಓದಿದರು. "ಈ ಪಟ್ಟಿ ಯಾರು ಕಟ್ಟಿದ್ದು?" "ಬಿಚ್ಚೋಕೆ ಆಗ್ತಿಲ್ಲ, ಹತ್ರ ಬಿಡ್ತಿಲ್ಲ." "ನಮ್ಮ ನಾಯಿ ಕುತ್ತಿಗೆ ಗಾಯ ಆಗಿದೆ, ದಯವಿಟ್ಟು ಬನ್ನಿ." ಕೊನೆಯದರಲ್ಲಿ ಒಂದು ಫೋನ್ ನಂಬರು, ಗುಜರಿ ಅಂಗಡಿ ಎಂಬ ಎರಡು ಪದ.

"ನಮ್ಮ ನಾಯಿ?" ಎಂದಳು ಅತ್ತೆ. ಗಾಯದ ಮಾತು ಅವಳಿಗೆ ಆಮೇಲೆ ಕೇಳಿಸಿತು. ಕೇಳಿಸಿದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನೆನೆಸಲಿಲ್ಲ" ಎಂದಳು. "ಬಟ್ಟೆ ನೆನೆಸಲಿಲ್ಲ ನಾನು."

ಹೊಸ ಹತ್ತಿಬಟ್ಟೆ ನೀರು ಕಂಡರೆ ಕುಗ್ಗುತ್ತದೆ. ಅದಕ್ಕೇ ಕತ್ತರಿಸುವ ಮೊದಲು ನೆನೆಸಿ ಒಣಗಿಸಬೇಕು. ನೆನೆಸದ ಅಸ್ತರು ತಂದ ಗಿರಾಕಿಯನ್ನು ಅತ್ತೆ ಬಾಗಿಲಿಂದಲೇ ಬೈದು ಕಳಿಸುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಆ ಕೆಲಸ ಅವಳು ಮರೆತದ್ದು ಅದೊಂದೇ ಸಲ. ನರ್ಸಮ್ಮ ಪಾಳಿ ಮುಗಿಸಿ ಬರುವುದರೊಳಗೆ ಹೊಲಿದು ಮುಗಿಸಬೇಕಿತ್ತಲ್ಲ, ನೆನೆಸಿ ಒಣಗಿಸಲು ಪುರುಸೊತ್ತು ಎಲ್ಲಿತ್ತು? ದೊರೆಯಂತೂ ಬೆಳೆಯುವ ಪ್ರಾಯದವನು.

ಆ ನಂಬರಿಗೆ ಫೋನ್ ಮಾಡಿ ದಾರಿ ಕೇಳಿಕೊಂಡು ಮೂವರೂ ಆಟೋದಲ್ಲಿ ಹೊರಟೆವು. ಗುಜರಿ ಅಂಗಡಿ ರೈಲು ಹಳಿಯ ಪಕ್ಕದಲ್ಲಿತ್ತು, ಹಳೆಯ ಪೇಪರಿನ ಕಟ್ಟುಗಳು, ತುಕ್ಕು ಹಿಡಿದ ಸೈಕಲ್ಲುಗಳು, ಒಡೆದ ಬಕೆಟ್ಟುಗಳು. ದೊರೆ ತಕ್ಕಡಿಯ ಕೆಳಗೆ ಗೋಣಿಯ ಮೇಲೆ ಮಲಗಿದ್ದ. ಅಂಗಡಿಯ ಹೆಂಗಸು ಎದ್ದು ಬಂದು ಒಬ್ಬೊಬ್ಬರನ್ನೇ ನೋಡಿದಳು.

"ಯಾರು ಹೊಲಿದಿದ್ದು ಅದನ್ನ? ನಮ್ಮ ಕೆಂಚ ಮರಿಯಿಂದ ಇಲ್ಲೇ ಬೆಳೆದಿದ್ದು. ಬೆಳಿಗ್ಗೆ ಹೋಗ್ತಾನೆ, ರಾತ್ರಿ ಬರ್ತಾನೆ. ಎಲ್ಲಿಗೆ ಹೋಗ್ತಾನೋ ಅಂತ ನಾನೂ ಕೇಳಿದವಳಲ್ಲ, ಹೊಟ್ಟೆ ತುಂಬಿರ್ತಿತ್ತು. ಈಗ ನೋಡಿದ್ರೆ ಕುತ್ತಿಗೆಗೆ ಉರುಳು. ಸ್ಕ್ಯಾನ್ ಮಾಡಿದ್ರೆ ಹಣ ಹಾಕಿ ಅನ್ನುತ್ತೆ, ಫೋನ್ ನಂಬರೇ ಇಲ್ಲ. ಹಣ ಹಾಕಿದ್ರಾದ್ರೂ ತಿರುಗಿ ನೋಡ್ತಾರೆ ಅಂತ ಹಾಕಿದೆ."

ಕೆಂಚ! ಅತ್ತೆಯೂ ನರ್ಸಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ದಿನ ಒಬ್ಬರ ಮೇಲೊಬ್ಬರು ಉರಿದದ್ದೆಲ್ಲ ಒಂದು ಗಳಿಗೆ ಆ ಗುಜರಿಯವಳ ಕಡೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. "ಮರಿಯಿಂದ ಸಾಕಿದ್ರೆ ಹೊಟ್ಟೆಗೆ ಹಾಕ್ಬೇಕಿತ್ತು" ಎಂದು ನರ್ಸಮ್ಮ ಗೊಣಗಿದರು. ಅತ್ತೆ, "ಅದೇ ಮತ್ತೆ" ಎಂದಳು. ಅವರಿಬ್ಬರು ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು.

ಅತ್ತೆ ಕತ್ತರಿ ತೆಗೆದು ಹತ್ತಿರ ಹೋದಳು. ದೊರೆ ಅವಳ ಕೈ ಕಂಡದ್ದೇ ಹಿಂದೆ ಸರಿದ. ಹಲ್ಲು ಕಿರಿದು ಗುರುಗುಟ್ಟಿದ. ಸೂಜಿ ಆಡುವಾಗ ಮಿಸುಕದೆ ಕೂತಿದ್ದವನು ಇವನೇ. ಅತ್ತೆ "ದೊರೆ, ನಾನು ಕಣೋ" ಎಂದಳು. ಅವನು ಇನ್ನೂ ಹಿಂದೆ ಸರಿದ. ಕೊನೆಗೆ ಗುಜರಿಯವಳು ಹಿಂಗಾಲು ಹಿಡಿದಳು, ನರ್ಸಮ್ಮ ಅವನ ತಲೆಯನ್ನು ತಮ್ಮ ಕಂಕುಳಲ್ಲಿ ಅವುಚಿ ಅಂಗೈಯಿಂದ ಅವನ ಕಣ್ಣು ಮುಚ್ಚಿದರು. ಅತ್ತೆ ಪಟ್ಟಿಯ ಕೆಳಗೆ ತನ್ನ ಎಡಗೈ ಬೆರಳು ತೂರಿಸಿದಳು. ಕತ್ತರಿಯ ಮೊನೆ ಅವನಿಗೆ ತಾಗಬಾರದಲ್ಲ. ಎರಡು ಪದರ, ಎರಡು ಸಾಲು ಹೊಲಿಗೆ, ಅಷ್ಟು ಗಟ್ಟಿಯಾಗಿ ಹೊಲಿದ ಕೈಯನ್ನು ಶಪಿಸುತ್ತ ಕತ್ತರಿಸಿದಳು. ಪಟ್ಟಿ ಬಿದ್ದಾಗ ಕೊರಳ ಸುತ್ತ ಕೂದಲು ಉದುರಿ ಹಸಿಗೆಂಪಾಗಿತ್ತು. ಅದನ್ನು ನೋಡಿ ನಾನು ಮುಖ ತಿರುಗಿಸಿದೆ. ಅತ್ತೆ ತಿರುಗಿಸಲಿಲ್ಲ.

ಗಾಯ ವಾಸಿಯಾಗುವವರೆಗೆ ನರ್ಸಮ್ಮನ ಮನೆಯಲ್ಲಿರಲಿ ಎಂದು ತೀರ್ಮಾನವಾಯಿತು, ಔಷಧಿ ಹಾಕಲು ಬಲ್ಲವರು ಅವರೊಬ್ಬರೇ. "ವಾಸಿಯಾದ್ಮೇಲೆ ನಮ್ಮ ಕೆಂಚನ್ನ ಬಿಟ್ಟುಬಿಡಿ, ಅವನೇ ಬರ್ತಾನೆ" ಎಂದಳು ಗುಜರಿಯವಳು. ನರ್ಸಮ್ಮ ಹೂಂ ಎಂದರು. ಯಾರ ನಾಯಿ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬರುವಾಗ ಆಟೋದಲ್ಲಿ ದೊರೆ ನರ್ಸಮ್ಮನ ತೊಡೆಯ ಮೇಲೆ ಮಲಗಿದ್ದ. ಅತ್ತೆ ಅವನ ಬಾಲ ತನಗೆ ತಾಗದಂತೆ ಸೀರೆಯನ್ನು ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದಳು. ತಾಗಿದರೆ ಅವನು ಎಚ್ಚರಗೊಳ್ಳುತ್ತಾನೆಂದು.

ಎರಡು ದಿನದ ಮೇಲೆ ನರ್ಸಮ್ಮ ಹೇಳಿದ್ದ ಮುಲಾಮು ತೆಗೆದುಕೊಂಡು ನಾನು ಮೆಟ್ಟಿಲು ಹತ್ತಿದೆ. ಕೆಳಗೆ ಅಂಗಡಿ ತೆರೆದೇ ಇತ್ತು, ಯಂತ್ರದ ಮೇಲೆ ಅರ್ಧ ಹೊಲಿದ ಬಟ್ಟೆ, ಅತ್ತೆ ಇರಲಿಲ್ಲ. ಮೇಲೆ ನೋಡಿದರೆ ಅವಳು ನರ್ಸಮ್ಮನ ಬಾಗಿಲಲ್ಲಿ ನಿಂತಿದ್ದಾಳೆ. ಆ ಮೆಟ್ಟಿಲು ಅವಳು ಹತ್ತಿದ್ದು ಅದೇ ಮೊದಲು. ಚಪ್ಪಲಿ ಬಿಟ್ಟಿದ್ದಳು, ಹೊಸಿಲು ದಾಟಿರಲಿಲ್ಲ.

"ಒಳಗೆ ಬನ್ನಿ ಟೈಲರಮ್ಮ" ಎಂದರು ನರ್ಸಮ್ಮ.

"ಬೇಡ. ಇಲ್ಲಿಂದಲೇ ಕಾಣ್ತಾನೆ."

ನನ್ನ ಕಾಲು ಮೆಟ್ಟಿಲಲ್ಲೇ ನಿಂತಿತು. ಈ ಮಾತು ಇದೇ ದನಿಯಲ್ಲಿ ನಾನು ಕೇಳಿದ್ದೆ. ನನ್ನನ್ನು ನಮ್ಮ ಮನೆಗೆ ಕರೆದುಕೊಂಡು ಹೋದ ಮೇಲೆ ಸಂಜೆ ಹೊತ್ತು ಅತ್ತೆ ನಮ್ಮ ಬಾಗಿಲಿಗೆ ಬರುತ್ತಿದ್ದಳು. "ಒಳಗೆ ಬನ್ನಿ ಅತ್ತಿಗೆ" ಎಂದು ಅಮ್ಮ ಕರೆಯುತ್ತಿದ್ದಳು. ಬೇಡ, ಇಲ್ಲಿಂದಲೇ ಕಾಣ್ತಾಳೆ, ಎಂದು ಅವಳು ಹೊಸಿಲಾಚೆ ನಿಂತು, ನಾನು ಅಮ್ಮನ ಕೈಯಿಂದ ಊಟ ಮಾಡುವುದನ್ನು ನೋಡುತ್ತಿದ್ದಳು. ನಾನು ಊಟ ಮುಗಿಸುವವರೆಗೂ ನಿಂತಿದ್ದು, ಹೇಳದೆ ಹೊರಟುಹೋಗುತ್ತಿದ್ದಳು.

ಮುಲಾಮನ್ನು ಅವಳ ಕೈಗೇ ಕೊಟ್ಟೆ. "ನೀನೇ ಹಚ್ಚು ಅತ್ತೆ."

"ನನ್ನ ಕೈ ಕಂಡ್ರೆ ಹೆದರ್ತಾನೆ. ಅವಳೇ ಹಚ್ಚಲಿ" ಎಂದು ನರ್ಸಮ್ಮನಿಗೆ ದಾಟಿಸಿದಳು.

ದೊರೆ ದಿಂಬಿನ ಮೇಲೆ ಮಲಗಿದ್ದ. ನರ್ಸಮ್ಮ ಪಕ್ಕದಲ್ಲಿ ಕೂತು, ಬೆರಳ ತುದಿಯಿಂದ ಕೊರಳ ಸುತ್ತ ಮುಲಾಮು ಸವರಿದರು. ಅವನು ನೋವಿಗೆ ಒಮ್ಮೆ ಕುಂಯ್ ಎಂದ, ಆಮೇಲೆ ಗದ್ದವನ್ನು ಅವರ ಮೊಣಕಾಲ ಮೇಲಿಟ್ಟ. ಅತ್ತೆಯ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

"ಎಷ್ಟು ಚೆನ್ನಾಗಿ ನೋಡ್ಕೊಳ್ತಾಳೆ ಕಣೇ" ಎಂದಳು ನನಗೆ ಮಾತ್ರ ಕೇಳುವಂತೆ. "ಅದೇ ನಂಗೆ ನೋಡೋಕಾಗಲ್ಲ."

ಹಾಗೆಂದವಳು, ಅವನು ನಿದ್ದೆ ಹೋಗುವವರೆಗೂ ಅಲ್ಲೇ ನಿಂತಿದ್ದಳು.